ಹಸಿರು ಚೀಟಿಯ ಥೋರಾ

ಉತ್ತರದ ದ್ವೀಪಗಳ ಕಿರ್ಕ್‌ವಾಲ್ ಪಟ್ಟಣದಿಂದ ವೆಸ್ಟ್ರೇ ದ್ವೀಪಕ್ಕೆ ಹೋಗುವ ಬೆಳಗಿನ ಹಡಗಿನಲ್ಲಿ, ಪ್ರತಿ ಮೇ ತಿಂಗಳ ಎರಡನೆಯ ಮಂಗಳವಾರ, ಹಳೆಯ ಬಿಳಿ ವ್ಯಾನೊಂದು ಇರುತ್ತಿತ್ತು. ಅದರ ಒಡತಿ ಥೋರಾ ಹೆಡಲ್. ಐವತ್ತು ದಾಟಿದ, ಗಟ್ಟಿಮುಟ್ಟಾದ, ಮಾತು ಕಡಿಮೆಯ ಹೆಂಗಸು. ಕೂದಲನ್ನು ಕನ್ನಡಿ ಮುಂದೆ ನಿಂತು ತಾನೇ ಕತ್ತರಿಸಿಕೊಳ್ಳುತ್ತಿದ್ದಳು, ಅದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಅಂಗಡಿ, ಬೇಕರಿ, ಕ್ಷೌರದಂಗಡಿ, ಅತಿಥಿಗೃಹ, ಚರ್ಚಿನ ಸಭಾಂಗಣ ಎಂದು ಎಲ್ಲೆಲ್ಲಿ ನಾಲ್ಕು ಜನ ಕೆಲಸ ಮಾಡುತ್ತಾರೋ ಅಲ್ಲಿಗೆಲ್ಲ ಹೋಗಿ, ಕರೆಂಟಿನ ಸಾಮಾನುಗಳು ನೆಟ್ಟಗಿವೆಯೇ ಎಂದು ಪರೀಕ್ಷೆ ಮಾಡಿ ಬರುವುದು ಅವಳ ಕಸುಬು. ಕೆಟಲ್ಲೋ, ಇಸ್ತ್ರಿಪೆಟ್ಟಿಗೆಯೋ, ದೀಪವೋ, ಒಂದೊಂದನ್ನೇ ಎತ್ತಿಕೊಂಡು ವೈರನ್ನು ಬೆರಳಲ್ಲಿ ಸವರಿ ನೋಡುವಳು. ಪ್ಲಗ್ ಬಿಚ್ಚಿ ಒಳಗೆ ಇಣುಕುವಳು. ಆಮೇಲೆ ತನ್ನ ಹಳದಿ ಯಂತ್ರಕ್ಕೆ ಸಿಕ್ಕಿಸಿ, ಅದರಲ್ಲಿ ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವಳು. ಎಲ್ಲ ಸರಿಯಿದ್ದರೆ ಪ್ಲಗ್ಗಿನ ಮೇಲೊಂದು ಹಸಿರು ಚೀಟಿ. ಅದರಲ್ಲಿ ಆ ದಿನದ ತಾರೀಖು, ಮುಂದಿನ ವರ್ಷದ ತಾರೀಖು, ಅವಳ ಹೆಸರಿನ ಎರಡಕ್ಷರ.

ಈ ವಿದ್ಯೆ ಅವಳಿಗೆ ಬಂದದ್ದು ವಿಲ್ಲಿ ಫೂಬಿಸ್ಟರ್‌ನಿಂದ. ಏಡಿ ಹಿಡಿಯುವ ಬೆಸ್ತನ ಒಬ್ಬಳೇ ಮಗಳು ಥೋರಾ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ವಿಲ್ಲಿಯ ಎಲೆಕ್ಟ್ರಿಕ್ ಅಂಗಡಿಯ ಕಟ್ಟೆಯ ಹಿಂದೆ ಸಾಮಾನು ಮಾರಲು ಸೇರಿದ್ದಳು. ವರ್ಷ ಕಳೆಯುವುದರೊಳಗೆ ಕಟ್ಟೆ ಬಿಟ್ಟು ಹಿಂದಿನ ರಿಪೇರಿ ಕೋಣೆಗೆ ಹೋಗಿ ನಿಲ್ಲತೊಡಗಿದಳು. ವಿಲ್ಲಿ ಬೈಯಲಿಲ್ಲ. ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟ.

"ಕಣ್ಣು ಮೊದಲು, ಮೂಗು ಆಮೇಲೆ, ಮಿಷನ್ನು ಕೊನೇಗೆ, ತಿಳೀತೇನಮ್ಮಾ?" ಎನ್ನುತ್ತಿದ್ದ. "ಮಿಷನ್ನಿಗೆ ಇವತ್ತು ಮಾತ್ರ ಗೊತ್ತು. ನಾಳೆ ಈ ವೈರಿನ ಮೇಲೆ ಯಾರು ಕುರ್ಚಿ ಎಳೀತಾರೆ ಅಂತ ಅದಕ್ಕೇನು ಗೊತ್ತು?"

ಮಧ್ಯೆ ಒಂದು ಮದುವೆ ಮಾತು ಬಂತು, ಆದರೆ ಹುಡುಗ ಶೆಟ್‌ಲೆಂಡ್ ಕಡೆಗೆ ಕೆಲಸಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟ. ಅಪ್ಪ ಒಂಬತ್ತು ವರ್ಷ ಹಾಸಿಗೆ ಹಿಡಿದ. ಅವನನ್ನು ನೋಡಿಕೊಂಡು ಮಣ್ಣು ಮಾಡುವ ಹೊತ್ತಿಗೆ ಥೋರಾಗೆ ನಲವತ್ತೊಂದಾಗಿತ್ತು. ಅದೇ ವರ್ಷ ವಿಲ್ಲಿಯೂ ಅಂಗಡಿ ಮುಚ್ಚಿ, ಪರೀಕ್ಷೆಯ ಯಂತ್ರವನ್ನು ಅವಳ ಕೈಗಿಟ್ಟು, ದಕ್ಷಿಣದಲ್ಲಿದ್ದ ಮಗಳ ಮನೆಗೆ ಹೊರಟುಹೋದ. ಅಲ್ಲಿಂದ ಮುಂದೆ ಥೋರಾ ಒಬ್ಬಳೇ ಸುತ್ತಿದಳು.

ಜನ ಅವಳನ್ನು ಬಿಂಕದವಳು ಎಂದುಕೊಂಡಿದ್ದರು. ಬಿಂಕವಲ್ಲ. ಕೆಲಸವಿಲ್ಲದೆ ಒಬ್ಬರ ಬಾಗಿಲು ತಟ್ಟುವುದು ಅವಳಿಗೆ ಬಾರದು, ಅಷ್ಟೆ. ಬಾಗಿಲು ತೆರೆದವರು 'ಏನು ಬಂದದ್ದು?' ಎಂದರೆ ಹೇಳಲು ಬಾಯಲ್ಲೊಂದು ಉತ್ತರ ಇರಬೇಕು. ಹಳದಿ ಯಂತ್ರ ಕೈಯಲ್ಲಿದ್ದರೆ ಯಾರೂ ಕೇಳುತ್ತಿರಲಿಲ್ಲ. "ಬಾರೇ ಥೋರಾ, ಚಹಾ ಇಟ್ಟೀನಿ" ಎನ್ನುತ್ತಿದ್ದರು. ನಲವತ್ತಮೂರು ಗಿರಾಕಿಗಳು, ನಲವತ್ತಮೂರು ಅಡುಗೆಮನೆಗಳು. ವರ್ಷಕ್ಕೊಮ್ಮೆ ಒಂದೊಂದರಲ್ಲಿ ಅರ್ಧ ದಿನ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣದಾಗಿ ಬರೆದಿಡುತ್ತಿದ್ದಳು: 'ಬೇಕರಿಯ ಆಂಡ್ರಾ, ಸೊಂಟ ನೋವು.' 'ಹೆಣಿಗೆಮನೆಯ ಎಫಿ, ತಂಗಿ ಮಗಳ ಮದುವೆ ಜೂನ್‌ನಲ್ಲಿ.' ಮುಂದಿನ ವರ್ಷ ಹೋದಾಗ, ಮೊನ್ನೆ ಮಾತಾಡಿದ್ದವಳ ಹಾಗೆ, "ಮದುವೆ ಹೇಗಾಯ್ತು?" ಎಂದು ಕೇಳುವುದಕ್ಕೆ.

ಎಲ್ಲ ಮನೆಗಳಲ್ಲಿ ಅವಳಿಗೆ ಹೆಚ್ಚು ಇಷ್ಟವಾದದ್ದು ವೆಸ್ಟ್ರೇಯಲ್ಲಿ ಮೆರನ್ ಡ್ರೀವರ್ ನಡೆಸುವ ಹೆಣಿಗೆಮನೆ. ಹಳೆಯ ಶಾಲೆಯ ಕಟ್ಟಡ. ನಾಲ್ಕು ಹೆಣಿಗೆ ಯಂತ್ರ, ಎರಡು ಇಸ್ತ್ರಿಪೆಟ್ಟಿಗೆ, ಹೀಟರು, ದೀಪಗಳು. ಮೆರನ್ ಥೋರಾಳ ಓರಗೆಯವಳು, ಬಿರುಸು ಮಾತಿನವಳು. ಅವಳ ಜೊತೆ ಎಫಿ ರೆಂಡಲ್ ಎಂಬ ಹಿರಿಯ ಹೆಂಗಸು, ಐವತ್ತು ವರ್ಷದಿಂದ ಹೆಣೆಯುತ್ತಿದ್ದವಳು. ಎಫಿಯ ಬಾಯಿ ಬೆರಳಿಗಿಂತ ಜೋರು. ಮಧ್ಯಾಹ್ನಕ್ಕೆ ಬಾರ್ಲಿ ರೊಟ್ಟಿ, ಬೆಣ್ಣೆ, ಮನೆಯ ಗಿಣ್ಣು.

ಒಂದು ಮೇ ತಿಂಗಳು ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಎಫಿ ತನ್ನ ಭಾವಮೈದುನನ ಟಗರು ಪಾದ್ರಿಯನ್ನು ಬೇಲಿ ಹಾರಿಸಿದ ಕತೆ ಹೇಳುತ್ತಿದ್ದಳು. ಆಗ ಯಾವುದೋ ಅರ್ಜಿ ತುಂಬುತ್ತಿದ್ದ ಮೆರನ್ ತಲೆಯೆತ್ತದೆ ಕೇಳಿದಳು:

"ಅಲ್ಲ ಥೋರಾ, ಈ ಪರೀಕ್ಷೆ ವರ್ಷಾವರ್ಷ ಮಾಡಿಸ್ಲೇಬೇಕು ಅಂತ ಕಾನೂನಾ?"

ಥೋರಾಳ ಬಾಯಲ್ಲಿ ರೊಟ್ಟಿ ಇತ್ತು. "ಹೂಂ, ಹಾಗೇ," ಎಂದಳು.

"ಸರಿ ಬಿಡು," ಎಂದು ಮೆರನ್ ಬರೆದುಕೊಂಡಳು. ಟಗರಿನ ಕತೆ ಮುಂದುವರಿಯಿತು.

ಕಾನೂನು ಹಾಗಿರಲಿಲ್ಲ. ಅದು ಥೋರಾಗೆ ಬಾಯಿಪಾಠ. ಜನ ಕೆಲಸ ಮಾಡುವ ಜಾಗದಲ್ಲಿ ಕರೆಂಟಿನ ಸಾಮಾನು ಅಪಾಯವಾಗದ ಹಾಗೆ ಇಟ್ಟುಕೊಳ್ಳಬೇಕು, ಅದು ಯಜಮಾನನ ಹೊಣೆ ಎಂದಷ್ಟೇ ಕಾನೂನು ಹೇಳುತ್ತದೆ. ವರ್ಷಕ್ಕೊಮ್ಮೆ ಎಂದು ಎಲ್ಲೂ ಬರೆದಿಲ್ಲ. ಚೀಟಿ ಅಂಟಿಸಿ ಎಂದೂ ಬರೆದಿಲ್ಲ. ಮೂಲೆಯಲ್ಲಿ ಕದಲದೆ ಕೂತ ಸಾಮಾನಿಗೆ ಯಂತ್ರದ ಪರೀಕ್ಷೆ ಎಷ್ಟೋ ವರ್ಷಕ್ಕೊಮ್ಮೆ ಆದರೂ ಸಾಕು. ನೀರು ಬೀಳುವ, ಕಲ್ಲುಮಣ್ಣಿನಲ್ಲಿ ಎಳೆದಾಡುವ ಸಾಮಾನಿಗೆ ಮೂರು ತಿಂಗಳಿಗೊಮ್ಮೆಯಾದರೂ ಬೇಕು. ಬಳಸುವವರು ದಿನಾ ಕಣ್ಣಿಟ್ಟು ನೋಡಿದರೆ ಮುಕ್ಕಾಲು ಪಾಲು ದೋಷ ಅಲ್ಲೇ ಸಿಕ್ಕುತ್ತದೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಕೇಳದೆ ಇದ್ದಾಗ ಸುಮ್ಮನಿರುವುದು ಒಂದು, ಕೇಳಿದಾಗ ಹೂಂ ಎನ್ನುವುದು ಇನ್ನೊಂದು. ಹಿಂದಿರುಗುವ ಹಡಗಿನಲ್ಲಿ ಆ 'ಹೂಂ' ಅವಳಿಗೆ ಮತ್ತೆ ಮತ್ತೆ ನೆನಪಾಯಿತು. ಮುಂದಿನ ವರ್ಷ ಹೇಳಿದರಾಯಿತು ಎಂದುಕೊಂಡಳು. ಹೀಗೆ ಏಳು ವರ್ಷ ಕಳೆಯಿತು.

ಎಂಟನೆಯ ವರ್ಷದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಮೆರನ್ ಫೋನ್ ಮಾಡಿದಳು.

"ಎಫಿಗೆ ಇಸ್ತ್ರಿಪೆಟ್ಟಿಗೇಲಿ ಶಾಕ್ ಹೊಡೀತು. ಬಿದ್ದ ಏಟಿಗೆ ಮಣಿಕಟ್ಟು ಮುರಿದಿದೆ. ವಿಮಾನದಲ್ಲಿ ನಿಮ್ಮೂರ ಆಸ್ಪತ್ರೆಗೆ ಕಳಿಸಿದೀವಿ. ನೀನು ಹೋಗಿ ನೋಡ್ತೀಯಾ? ನನಗೆ ಹಡಗು ಇಲ್ಲ, ಸಮುದ್ರ ಹುಚ್ಚೆದ್ದಿದೆ."

ಕಿರ್ಕ್‌ವಾಲ್‌ನ ಆಸ್ಪತ್ರೆ ಥೋರಾಳ ಮನೆಯಿಂದ ಹತ್ತು ನಿಮಿಷದ ದಾರಿ. ಅವಳು ಮೊದಲು ಪುಸ್ತಕ ತೆಗೆದು ಮೇ ತಿಂಗಳ ಪುಟ ನೋಡಿದಳು. ಇಸ್ತ್ರಿಪೆಟ್ಟಿಗೆ ಎರಡು, ಅಂಕಿ ಸರಿ, ವೈರು ಸರಿ, ಪ್ಲಗ್ ಸರಿ. ತನ್ನದೇ ಅಕ್ಷರ. ಪುಸ್ತಕ ಮುಚ್ಚಿ ಹೊರಟಳು.

ಎಫಿ ಗೋಡೆ ಕಡೆಯ ಮಂಚದಲ್ಲಿ ಮಲಗಿದ್ದಳು. ಬಲಗೈ ಮೊಣಕೈವರೆಗೆ ಬಿಳಿ ಪಟ್ಟಿ. ಮುಖ ಸಣ್ಣದಾಗಿತ್ತು, ಬಾಯಿ ಮಾತ್ರ ಇದ್ದ ಹಾಗೇ ಇತ್ತು.

"ಬಂದ್ಯಾ ಹುಡುಗಿ? ನನಗೂ ಒಂದು ಚೀಟಿ ಅಂಟಿಸು. ಕೆಂಪು ಚೀಟಿ, ಕೆಲಸಕ್ಕೆ ಬಾರದ್ದು ಅಂತ."

"ಏನಾಯ್ತು ಎಫಿ? ಸರಿಯಾಗಿ ಹೇಳಿ."

"ಏನಾಗೋದು? ಇಸ್ತ್ರಿ ಮಾಡ್ತಿದ್ದೆ. ಆವಿಗೆ ಕೈ ಒದ್ದೆ. ವೈರನ್ನ ಆಚೆ ಸರಿಸೋಣ ಅಂತ ಹಿಡಿದೆ, ಹಿಡೀತು ನೋಡು! ಕುದುರೆ ಒದ್ದ ಹಾಗೆ."

"ವೈರು ಕಿತ್ತಿತ್ತಾ?"

"ಬೇಸಿಗೇಲೇ ಕಿತ್ತಿತ್ತು. ಮೇಜಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ. ನಾನೇ ಟೇಪು ಸುತ್ತಿದ್ದೆ."

"ಬೇಸಿಗೇಲೇ ನೋಡಿದ್ರಾ? ಮತ್ತೆ ಮೆರನ್‌ಗೆ ಯಾಕೆ ಹೇಳ್ಲಿಲ್ಲ?"

"ಅವಳೂ ನೋಡಿದ್ಲು ಕಣೇ. ದಿನಾ ನೋಡ್ತಿದ್ವಿ." ಎಫಿ ಮಗುವಿಗೆ ತಿಳಿಹೇಳುವವಳ ಹಾಗೆ ಹೇಳಿದಳು. "ಚೀಟಿ ಇತ್ತಲ್ಲ, ಮೇ ತನಕ. ಥೋರಾ ನೋಡಿದಾಳೆ ಅಂದ ಮೇಲೆ ನಾವ್ಯಾಕೆ ತಲೆ ಕೆಡಿಸ್ಕೊಳ್ಳೋದು? ಸುಮ್ನೆ ಮುಖ ಹಾಗೆ ಮಾಡ್ಕೋಬೇಡ. ನಿನ್ನ ತಪ್ಪೇನಿದೆ ಇದ್ರಲ್ಲಿ?"

ನರ್ಸು ಬಂದು, ನೀವು ಇವರಿಗೇನಾಗಬೇಕು ಎಂದು ಕೇಳಿದಾಗ ಥೋರಾ ಏನು ಹೇಳಬೇಕೆಂದು ತಿಳಿಯದೆ ಎದ್ದು ಹೊರಗೆ ಬಂದಳು.

ಮೂರನೆಯ ದಿನ ಸಮುದ್ರ ಇಳಿಯಿತು. ಥೋರಾ ವೆಸ್ಟ್ರೇಗೆ ಹೋದಾಗ ಹೆಣಿಗೆಮನೆಯಲ್ಲಿ ವಿಚಾರಣೆಗೆ ಬಂದ ಅಧಿಕಾರಿಯೂ ಇದ್ದ. ನೆಗಡಿ ಹಿಡಿದ, ಸಭ್ಯ ಮನುಷ್ಯ. ಹಳೆಯ ಫ್ಯೂಸ್ ಪೆಟ್ಟಿಗೆ ತೆರೆದು ನೋಡಿದ. ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್ ಅದರಲ್ಲಿ ಇರಲಿಲ್ಲ. ಹಾಕಿಸಿಕೊಳ್ಳಿ ಎಂದು ಥೋರಾ ಎರಡು ಸಲ ಬರೆದುಕೊಟ್ಟಿದ್ದಳು, ಮೆರನ್ ಮುಂದೂಡಿದ್ದಳು. ಅಧಿಕಾರಿ ಥೋರಾಳ ಪುಸ್ತಕ ತಿರುವಿ ಹಿಂದಕ್ಕೆ ಕೊಟ್ಟ.

"ನಿಮ್ಮ ಕಡೆಯಿಂದ ಏನೂ ಕೊರತೆಯಿಲ್ಲ. ಪರೀಕ್ಷೆ ಮಾಡಿದ ದಿನ ಸರಿಯಾಗೇ ಇತ್ತು. ಆಮೇಲೆ ಹಾಳಾದದ್ದಕ್ಕೆ ನೀವೇನು ಮಾಡೋಕಾಗುತ್ತೆ?" ಎಂದವನು ಮೆರನ್ ಕಡೆ ತಿರುಗಿದ. "ಆದರೆ ಒಂದು ಕೇಳ್ತೀನಮ್ಮ. ಕಿತ್ತ ವೈರು ಕಣ್ಣೆದುರಿಗೇ ಇದ್ದರೂ ಯಾಕೆ ಬಳಸಿದ್ರಿ?"

"ಕಾನೂನು ಪ್ರಕಾರ ವರ್ಷಕ್ಕೊಮ್ಮೆ ಮಾಡಿಸಿದೀನಲ್ಲ, ಸಾರ್!" ಎಂದಳು ಮೆರನ್. ಅವಳ ದನಿ ಏರಿತ್ತು. "ಒಂದು ವರ್ಷವೂ ತಪ್ಪಿಸಿಲ್ಲ."

"ವರ್ಷಕ್ಕೊಮ್ಮೆ ಅಂತ ಕಾನೂನಲ್ಲಿಲ್ಲವಲ್ಲ. ಯಾರು ಹೇಳಿದರು?"

ಮೆರನ್ ಥೋರಾಳನ್ನು ನೋಡಿದಳು, ಅಷ್ಟೆ.

ಅಧಿಕಾರಿ ಕಾರು ಹತ್ತಿ ಹೋದ. ಆಮೇಲೆ ಥೋರಾ ನಿಂತುಕೊಂಡೇ ಹೇಳಿದಳು: "ನಾನೇ ಹೇಳಿದ್ದು. ಸುಳ್ಳು ಹೇಳ್ದೆ."

"ಗೊತ್ತಿಲ್ದೆ ಹೇಳಿದ್ಯಾ?"

"ಗೊತ್ತಿದ್ದೇ."

"ಯಾಕೆ? ನಿನ್ನ ಕಸುಬು ಹೋಗುತ್ತೆ ಅಂತಲಾ?"

ಥೋರಾ ಕಿಟಕಿ ಕಡೆ ನೋಡಿದಳು. ಆ ಕಾರಣವಾಗಿದ್ದರೆ ಹೇಳುವುದು ಸುಲಭವಿತ್ತು. "ಇಲ್ಲಿಗೆ ಬರೋದು ನನಗೆ ಇಷ್ಟ ಇತ್ತು," ಎಂದಳು.

ಮೆರನ್‌ಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಇಮ್ಮಡಿಯಾಯಿತು. "ಎಂಥ ಹೆಂಗಸೇ ನೀನು! ಬರೋಕೆ ಇಷ್ಟ ಇದ್ರೆ ಸುಮ್ನೆ ಬರ್ಬೇಕಪ್ಪಾ! ಬಾಗಿಲಿಗೇನು ಬೀಗ ಹಾಕಿದ್ನಾ ನಾನು? ಅದಕ್ಕೆ ಕಾನೂನು ಯಾಕೆ ಬೇಕಿತ್ತು? ಆ ಮುದುಕಿ ಕೈ ಹೋಯ್ತಲ್ಲೇ!"

ಥೋರಾ ಕಿತ್ತ ವೈರಿನ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಕತ್ತರಿಸಿ ಹಾಕಿ, ಉಳಿದ ಸಾಮಾನುಗಳನ್ನೆಲ್ಲ ಇನ್ನೊಮ್ಮೆ ನೋಡಿ ಹೊರಟಳು. ಆ ದಿನ ಚಹಾ ಇರಲಿಲ್ಲ.

ಡಿಸೆಂಬರ್ ತುಂಬ ಅವಳು ಮನೆಯಲ್ಲೇ ಇದ್ದಳು. ಕೆಲಸವಿಲ್ಲದ ತಿಂಗಳು ಅದು. ಕ್ರಿಸ್‌ಮಸ್ ದಿನ ಅಂಗಡಿಯಿಂದ ತಂದ ಕೋಳಿಯ ಅರ್ಧವನ್ನು ಬೇಯಿಸಿಕೊಂಡು ರೇಡಿಯೋ ಹಾಕಿಕೊಂಡಳು. ರೇಡಿಯೋದವನು ಎಲ್ಲರಿಗೂ ಶುಭಾಶಯ ಹೇಳಿದಾಗ ಅವಳೂ ಪಾತ್ರೆ ಒರೆಸುತ್ತ "ನಿಮಗೂ" ಎಂದಳು. ತನ್ನ ದನಿ ಕೇಳಿ ಎರಡು ದಿನವಾಗಿತ್ತೆಂದು ಆಗ ಗೊತ್ತಾಯಿತು.

ಜನವರಿಯಲ್ಲಿ ಅವಳು ಒಂದು ನಿರ್ಧಾರಕ್ಕೆ ಬಂದು ಸುತ್ತಾಟಕ್ಕೆ ಹೊರಟಳು. ಎಲ್ಲ ಗಿರಾಕಿಗಳ ಬಳಿಗೂ, ಒಬ್ಬರನ್ನೂ ಬಿಡದೆ, ಸರತಿಗೆ ಕಾಯದೆ. ಪ್ರತಿಯೊಂದು ಕಡೆಯೂ ಅಲ್ಲಿ ಕೆಲಸ ಮಾಡುವವರನ್ನೆಲ್ಲ ಕೂರಿಸಿಕೊಂಡು ಕಿತ್ತ ವೈರು, ಕರಕಲಾದ ಪ್ಲಗ್ಗು, ಸಡಿಲ ಸ್ಕ್ರೂ ತೋರಿಸಿ ಕೈಯಲ್ಲಿ ಮುಟ್ಟಿಸಿದಳು. ವಿಲ್ಲಿಯ ಮಾತನ್ನೇ ಹೇಳಿದಳು: ಕಣ್ಣು ಮೊದಲು, ಮೂಗು ಆಮೇಲೆ. ಚೀಟಿ ಇದ್ದರೂ ವೈರು ಕಿತ್ತಿದ್ದರೆ ಮುಟ್ಟಬೇಡಿ. ಟೇಪು ಸುತ್ತಬೇಡಿ. ಎತ್ತಿಟ್ಟು ಯಜಮಾನರಿಗೆ ಹೇಳಿ.

ಸ್ಟ್ರಾಮ್‌ನೆಸ್‌ನ ಬೇಕರಿಯಲ್ಲಿ ಆಂಡ್ರಾ ಲೀಸ್ಕ್ ಹಿಟ್ಟಿನ ಕೈ ಸೊಂಟದ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡ.

"ಅಂದ್ರೆ ಆಫೀಸಿನ ದೀಪ, ಕಂಪ್ಯೂಟರು, ಆ ಮೂಲೆ ಫ್ರಿಜ್ಜು, ಇದಕ್ಕೆಲ್ಲ ನೀನು ವರ್ಷಾವರ್ಷ ಬರೋದೇ ಬೇಡ?"

"ಬೇಡ. ನೀವೇ ಆಗಾಗ ನೋಡ್ಕೊಳ್ಳಿ. ಮಿಷನ್ ಹಚ್ಚೋದು ನಾಲ್ಕೈದು ವರ್ಷಕ್ಕಾದ್ರೂ ನಡೆಯುತ್ತೆ. ಈ ಕೈಯಲ್ಲಿ ಹಿಡಿಯೋ ಮಿಕ್ಸರ್ ಇದೆಯಲ್ಲ, ಇದಕ್ಕೆ ಮಾತ್ರ ವರ್ಷಕ್ಕೊಂದು ಸಲ."

"ಎಲಾ ಇವಳಾ! ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಳ್ತಿದೀಯಲ್ಲ, ಮಾರಾಯ್ತಿ!"

"ಹೌದು," ಎಂದಳು ಥೋರಾ.

ಆಂಡ್ರಾ ನಕ್ಕ. ಬಿಸಿ ಬನ್ನು ಎರಡು ಕಾಗದದಲ್ಲಿ ಸುತ್ತಿಕೊಟ್ಟು, "ಈ ಕಡೆ ಬಂದಾಗ ಬಾ, ಮಿಕ್ಸರ್ ನೆಪ ಬೇಡ," ಎಂದ. ಎಲ್ಲರೂ ಹಾಗೇ ಅಂದರು, ಮನಸ್ಸಿನಿಂದಲೇ ಅಂದರು. ಆದರೆ ಆ ಕಡೆ ಬಂದಾಗ ಎಂದರೆ ಯಾವಾಗ? ಕೆಲಸವಿಲ್ಲದೆ ಅವಳು ಯಾವ ಕಡೆಗೂ ಬರುವವಳಲ್ಲ. ಅವರೂ ಕರೆಯುವ ಪುರುಸೊತ್ತಿದ್ದವರಲ್ಲ.

ಏಪ್ರಿಲ್ ಹೊತ್ತಿಗೆ ನಲವತ್ತಮೂರರಲ್ಲಿ ಹದಿನಾರು ಉಳಿದವು, ಅವೂ ಒಂದೆರಡು ಗಂಟೆಯ ಕೆಲಸ. ಹೊಟ್ಟೆಗೇನೂ ತೊಂದರೆಯಾಗಲಿಲ್ಲ. ಕಟ್ಟಡ ಕಟ್ಟುವ ಕಡೆ, ಮೀನಿನ ಕಾರ್ಖಾನೆಯಲ್ಲಿ, ದೋಣಿ ರಿಪೇರಿಯ ಜಾಗದಲ್ಲಿ ಪರೀಕ್ಷೆ ಮೂರು ಮೂರು ತಿಂಗಳಿಗೆ ಬೇಕು. ಆ ಕೆಲಸವನ್ನು ಅವಳು ಹಿಡಿದಳು. ಕೈತುಂಬ ಕೆಲಸ. ಆದರೆ ಅಲ್ಲಿ ಅಡುಗೆಮನೆಗಳಿರಲಿಲ್ಲ. ಡ್ರಿಲ್ಲು, ಗ್ರೈಂಡರು, ಉದ್ದನೆಯ ವೈರಿನ ಸುರುಳಿಗಳನ್ನು ತಗಡಿನ ಕೋಣೆಯೊಂದರಲ್ಲಿ ರಾಶಿ ಹಾಕಿ, ಮೇಲೊಂದು ಪಟ್ಟಿ ಇಟ್ಟು ಗಂಡಸರು ತಮ್ಮ ಕೆಲಸಕ್ಕೆ ಹೋಗಿರುತ್ತಿದ್ದರು. ಗಾಳಿಗೆ ತಗಡು ಬಡಿದುಕೊಳ್ಳುತ್ತಿತ್ತು. ಅವಳು ಫ್ಲಾಸ್ಕಿನ ಚಹಾ ಕುಡಿದು, ಕೆಲಸ ಮುಗಿಸಿ, ಸರಿಯಿಲ್ಲದವನ್ನು ಬೇರೆ ಇಟ್ಟು ಬರುತ್ತಿದ್ದಳು. ಪುಸ್ತಕದ ಅಂಚಿನಲ್ಲಿ ಬರೆಯುವಂಥದ್ದು ಏನೂ ಸಿಗುತ್ತಿರಲಿಲ್ಲ.

ಎಫಿಯ ಮಣಿಕಟ್ಟು ಕೂಡಿತು, ಆದರೆ ಸೊಟ್ಟಗೆ. ಸಣ್ಣ ಹೆಣಿಗೆ ಇನ್ನು ಆಗದು. ಮೆರನ್ ಅವಳನ್ನು ಬಿಡಲಿಲ್ಲ. ಗುಂಡಿ ಹೊಲಿಯಲು, ಮಡಿಚಲು ಇಟ್ಟುಕೊಂಡಳು. ಹೊಸ ಫ್ಯೂಸ್ ಪೆಟ್ಟಿಗೆ ಹಾಕಿಸಿದಳು. ಪ್ರತಿ ಸೋಮವಾರ ಕರೆಂಟಿನ ಸಾಮಾನು ನೋಡುವ ಜವಾಬ್ದಾರಿಯನ್ನೂ ಎಫಿಗೇ ಕೊಟ್ಟಳು. ಇದೆಲ್ಲ ಥೋರಾಗೆ ಗೊತ್ತಾದದ್ದು ಜೂನ್‌ನಲ್ಲಿ, ಎಫಿ ಫೋನ್ ಮಾಡಿದಾಗ.

"ಏ ಹುಡುಗಿ, ಹೀಟರಿನ ಪ್ಲಗ್ಗು ಕೈ ಸುಡೋ ಹಾಗಿತ್ತು. ಮೂಸಿದೆ. ಸುಟ್ಟ ಮೀನಿನ ವಾಸನೆ. ಕಿತ್ತು ಹೊರಗಿಟ್ಟಿದೀನಿ, ಯಾರೂ ಮುಟ್ಟಬಾರ್ದು ಅಂತ ಬರೆದೂ ಹಾಕಿದೀನಿ. ಸರಿನಾ?"

"ಸರಿಯಾಗೇ ಮಾಡಿದೀರಿ."

"ನೀನು ಬಂದು ನೋಡ್ಬೇಕಾ?"

ಥೋರಾ ಗೋಡೆಗೆ ಒರಗಿ ನಿಂತಿದ್ದಳು. ಹೊರಗೆ ಬಿಸಿಲು ಇತ್ತು, ಸಮುದ್ರ ಹಾಲಿನ ಹಾಗಿತ್ತು. "ಬೇಡ ಎಫಿ," ಎಂದಳು. "ಹಳೇ ಹೀಟರು ಅದು. ಎಸೆದು ಹೊಸದು ತರೋಕೆ ಹೇಳಿ."

"ಹಾಗಾದ್ರೆ ಸರಿ," ಎಂದು ಎಫಿ ಫೋನ್ ಇಟ್ಟಳು.

ಆಗಸ್ಟಿನ ಒಂದು ಭಾನುವಾರ ಅವಳು ಎಂದೂ ಮಾಡದ ಕೆಲಸ ಮಾಡಿದಳು. ವ್ಯಾನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ವೆಸ್ಟ್ರೇ ಹಡಗು ಹತ್ತಿದಳು. ಇಳಿದು ಬಸ್ಸು ಹಿಡಿದು ಎಫಿಯ ಮನೆಯ ಬಾಗಿಲು ತಟ್ಟಿದಳು. ತೆರೆಯಲಿಲ್ಲ. ಮತ್ತೆ ತಟ್ಟಿದಳು. ಪಕ್ಕದ ಮನೆಯಾತ ಬೇಲಿಯಾಚೆಯಿಂದ ಕೂಗಿದ:

"ಎಫಿ ಪಾಪೇ ದ್ವೀಪಕ್ಕೆ ಹೋಗಿದಾಳೆ, ತಂಗಿ ಮನೆಗೆ. ಏನಾಗ್ಬೇಕಿತ್ತು?"

"ಏನಿಲ್ಲ," ಎಂದಳು ಥೋರಾ.

"ಏನಾದ್ರೂ ಹೇಳ್ಬೇಕಾ?"

"ಏನಿಲ್ಲ, ಸುಮ್ನೆ ಬಂದೆ."

ಆತ ಅವಳನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದ. ಮೆರನ್ ಮನೆಯ ಕಡೆಗೆ ಕಾಲು ಏಳಲಿಲ್ಲ. ಸಂಜೆಯ ಹಡಗಿಗೆ ನಾಲ್ಕು ಗಂಟೆಯಿತ್ತು. ದಡದ ಕಲ್ಲುಗಳ ಮೇಲೆ ಕೂತು, ಸೀಲುಗಳು ಬಂಡೆಯೇರಿ ಮಲಗುವುದನ್ನು ನೋಡಿದಳು. ತಂದಿದ್ದ ರೊಟ್ಟಿ ತಿಂದಳು. ಅವಳು ಬಂದದ್ದು, ಹೋದದ್ದು ಯಾರಿಗೂ ಬೇಕಿರಲಿಲ್ಲ.

ಮರುದಿನ ಫೋನ್ ಬಂತು. ಎಫಿ ಬೈಯುತ್ತಿದ್ದಳು.

"ಬರೋದಾದ್ರೆ ಒಂದು ಮಾತು ಹೇಳ್ಬಾರ್ದಾ? ಹೇಳ್ದೆ ಕೇಳ್ದೆ ಬಂದು ಬಾಗಿಲು ಬಡಿದು ಹೋದ್ರೆ, ಆ ಪಕ್ಕದ್ಮನೆಯೋನು ಸಾಲದವರು ಬಂದಿದ್ರು ಅಂತ ಊರೆಲ್ಲ ಸಾರ್ತಿದಾನೆ! ಗುರುವಾರ ಬಾ."

"ಗುರುವಾರ ಕೆಲಸ ಇದೆ."

"ಹಾಗಾದ್ರೆ ಅದರಾಚೆ ಶನಿವಾರ. ಬರ್ತೀಯೋ ಇಲ್ವೋ?"

ಹೋದಳು. ಮೊದಲ ಅರ್ಧ ಗಂಟೆ ಇಬ್ಬರಿಗೂ ಮಾತೇ ಸಿಗಲಿಲ್ಲ. ನಡುವೆ ಕೆಲಸವೊಂದಿದ್ದಾಗ ತಾನಾಗಿ ಹರಿಯುತ್ತಿದ್ದ ಮಾತು ಎದುರುಬದುರು ಕುರ್ಚಿಯಲ್ಲಿ ಕೂತಾಗ ಒಣಗಿಹೋಗಿತ್ತು. ಎಫಿ ಸೊಟ್ಟ ಕೈಯಲ್ಲಿ ಚಹಾ ಬಗ್ಗಿಸುವಾಗ ಥೋರಾಳ ಕಣ್ಣು ಅತ್ತ ಹೋಯಿತು. ಎಫಿ ನೋಡಿದಳು.

"ನೋಡು, ಚೆನ್ನಾಗಿ ನೋಡು. ನಿನಗೆ ನೋಡೋದೇ ಅಭ್ಯಾಸ. ನೋಯಲ್ಲ ಈಗ."

"ನನ್ನಿಂದಾಗಿ..."

"ಮೆರನ್ ಎಲ್ಲ ಹೇಳಿದಾಳೆ. ಸಿಟ್ಟು ಬಂತು. ಎರಡು ತಿಂಗಳಿತ್ತು, ಹೋಯ್ತು. ಮತ್ತೆ ತೆಗೀಬೇಡ," ಎಂದು ಎಫಿ ಬೆಣ್ಣೆಯ ತಟ್ಟೆ ಮುಂದೆ ತಳ್ಳಿದಳು.

ಆಮೇಲೆ ಅವಳು ತಂಗಿ ಮಗಳ ಗಂಡನನ್ನು ಬೈದಳು, ಥೋರಾ ಕೇಳಿಸಿಕೊಂಡಳು. ನಾಲ್ಕು ಗಂಟೆಗೆ ಎದ್ದು ಬಸ್ಸು ಹಿಡಿದಳು. ಈಗ ವರ್ಷಕ್ಕೆ ಮೂರೋ ನಾಲ್ಕೋ ಸಲ ಹಾಗೆ ಹೋಗಿಬರುತ್ತಾಳೆ. ಮೆರನ್ ದಾರಿಯಲ್ಲಿ ಕಂಡರೆ ತಲೆಯಾಡಿಸುತ್ತಾಳೆ, ನಿಲ್ಲುವುದಿಲ್ಲ. ಉಳಿದ ದಿನಗಳಲ್ಲಿ ಥೋರಾ ತಗಡಿನ ಕೋಣೆಗಳಲ್ಲಿ ಒಬ್ಬಳೇ ಕೂತು ಡ್ರಿಲ್ಲುಗಳ ವೈರು ಸವರುತ್ತಾಳೆ.